ಟಿಪ್ಸ್ ಎಷ್ಟು ಕೊಡಬೇಕು, ಎಲ್ಲಿ ಬರೀಬೇಕು?

ಪ್ರಶ್ನೆ: ಮುಂದಿನ ತಿಂಗಳು ನಾನು, ನಮ್ಮ ಮನೆಯವರು ಅಮೆರಿಕಕ್ಕೆ, ಡಲ್ಲಾಸ್‌ನ ಮಗಳ ಮನೆಗೆ ಹೊರಟಿದ್ದೇವೆ. ಹೋಟೆಲ್‌ಗೆ ಹೋದರೆ ಬಿಲ್ಲಿನ ಮೇಲೆ ನೂರಕ್ಕೆ ಇಪ್ಪತ್ತು ಟಿಪ್ಸ್ ಕೊಡಬೇಕು ಅಂತ ಅಳಿಯ ಈಗಲೇ ಫೋನಲ್ಲಿ ಪಾಠ ಶುರು ಮಾಡಿದ್ದಾರೆ. ನಾವು ಬೆಣ್ಣೆ ದೋಸೆ ತಿಂದು, ಸೋಂಪಿನ ತಟ್ಟೆಯಲ್ಲಿ ಹತ್ತು ರೂಪಾಯಿ ಇಟ್ಟು ಏಳೋ ಜನ. ಕೊಡದಿದ್ದರೆ ಏನಾಗುತ್ತೆ?
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಪೊಲೀಸರೇನೂ ಬರಲ್ಲ ಅಕ್ಕಾ. ಕಾನೂನಿನಲ್ಲಿ ಕಡ್ಡಾಯ ಇಲ್ಲ. ಆದರೂ ಈ ವಿಷಯದಲ್ಲಿ ನಾನು ನಿಮ್ಮ ಅಳಿಯನ ಕಡೆ.

ನಮ್ಮಲ್ಲಿ ಟಿಪ್ಸ್ ಖುಷಿಗೆ ಕೊಡೋದು. ಅಲ್ಲಿ ಸಪ್ಲೈಯರ್ ಸಂಬಳವೇ ಅದು. ಡಲ್ಲಾಸ್ ಇರೋ ಟೆಕ್ಸಾಸ್ ರಾಜ್ಯದಲ್ಲಿ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. ಈ ದರ ಕೇಂದ್ರ ಕಾನೂನಿನದು, 1991ರಿಂದ ಒಂದು ಸೆಂಟ್ ಕೂಡ ಏರಿಲ್ಲ. ಟಿಪ್ಸ್ ಸೇರಿಸಿದರೂ 7.25 ಡಾಲರ್ ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕು, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ, ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು. ಆದರೂ ಅಲ್ಲೂ ಜನ ಟಿಪ್ಸ್ ಇಡ್ತಾರೆ. ಹಾಗಾಗಿ ಮೆನುವಿನಲ್ಲಿ 10 ಡಾಲರ್ ಅಂತಿದ್ದರೆ ನೀವು 13 ಅಂತಲೇ ಓದಿಕೊಳ್ಳಿ, ತೆರಿಗೆ ಮತ್ತು ಟಿಪ್ಸ್ ಎರಡೂ ಅದರಲ್ಲಿ ಬಂತು. ಜಾಸ್ತಿ ಆಯ್ತು ಅನಿಸಿದರೆ ಒಂದು ಐಟಂ ಕಡಿಮೆ ಹೇಳಿ, ಬಡಿಸಿದವರ ಪಾಲಿಗೆ ಕತ್ತರಿ ಹಾಕಬೇಡಿ. ನೂರಕ್ಕೆ 18 ಕೊಟ್ಟರೂ ಮರ್ಯಾದೆಯೇ. ಆರು ಜನಕ್ಕಿಂತ ಹೆಚ್ಚಿದ್ದರೆ ಕೆಲವು ಕಡೆ ಬಿಲ್ಲಿನಲ್ಲೇ 'ಗ್ರಾಚುಯಿಟಿ' ಅಂತ ಟಿಪ್ಸ್ ಸೇರಿಸಿರ್ತಾರೆ, ಅದನ್ನ ನೋಡದೆ ಎರಡನೇ ಸಲ ಕೊಟ್ಟು ಬರಬೇಡಿ.

ಇದೆಲ್ಲ ಕೂತು ಉಣ್ಣೋ ಕಡೆಗೆ ಮಾತ್ರ. ಕೌಂಟರ್‌ನಲ್ಲಿ ನಿಂತು ಒಂದು ಕಾಫಿ ತಗೊಂಡರೂ ಅಲ್ಲಿನ ಹುಡುಗಿ ಟ್ಯಾಬ್ ತಿರುಗಿಸಿ 18, 20, 25 ಅಂತ ತೋರಿಸ್ತಾಳೆ. ಹಿಂದೆ ಕ್ಯೂ ಬೇರೆ ಇರುತ್ತೆ, ಮುಜುಗರ ಆಗುತ್ತೆ. ಕೆಳಗೆ 'ನೋ ಟಿಪ್' ಅಂತಿರುತ್ತಲ್ಲ, ಸುಮ್ನೆ ಅದನ್ನ ಒತ್ತಿ.

ಪ್ರಶ್ನೆ: ಹೋದ ವರ್ಷ ಅಮೆರಿಕದ ಹೋಟೆಲೊಂದರಲ್ಲಿ ಸಪ್ಲೈಯರ್ ನನ್ನ ಕಾರ್ಡ್ ಹಿಡಿದುಕೊಂಡು ಒಳಗೆ ಹೋಗಿಬಿಟ್ಟ. ಪಿನ್ ಕೇಳಲಿಲ್ಲ, ಒಟಿಪಿ ಬರಲಿಲ್ಲ. ಮೆಸೇಜಿನಲ್ಲಿ 43.30 ಡಾಲರ್ ಅಂತಿತ್ತು. ಆಮೇಲೆ ಮಗ ಚೀಟಿಯಲ್ಲಿ ಏನೋ ಬರೆದ, ನಾನು ಸಹಿ ಹಾಕಿದೆ. ಸ್ಟೇಟ್‌ಮೆಂಟ್ ನೋಡಿದರೆ 50.50! ಮೋಸ ಅಲ್ವಾ?
– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ಉತ್ತರ: ಬ್ಯಾಂಕಿನವರಿಗೇ ಅನುಮಾನ ಬಂದರೆ ನಮ್ಮಂಥವರ ಗತಿ ಏನು ಸಾರ್! ಮೋಸ ಅಲ್ಲ. ನಮ್ಮಲ್ಲಿ ಗಲ್ಲಾ ಹತ್ತಿರ ಹೋಗಿ ಸ್ಕ್ಯಾನ್ ಮಾಡಿದರೆ ಲೆಕ್ಕ ಮುಗೀತು. ಅಲ್ಲಿ ಎರಡು ಹಂತ. ಊಟ 40 ಡಾಲರ್, ಡಲ್ಲಾಸ್ ಆದರೆ ತೆರಿಗೆ ನೂರಕ್ಕೆ 8.25, ಅಂದರೆ 3.30. ಮೊದಲು 43.30ನ್ನು ಕಾರ್ಡಿನಲ್ಲಿ ಹಿಡಿದಿಡ್ತಾರೆ. ಆಮೇಲೆ ಎರಡು ಚೀಟಿ ತಂದು ಪೆನ್ ಜೊತೆ ನಿಮ್ಮ ಮುಂದೆ ಇಡ್ತಾರೆ. 'ಟಿಪ್' ಅನ್ನೋ ಗೆರೆಯಲ್ಲಿ ನಿಮ್ಮ ಮಗ 7.20 ಬರೆದಿದ್ದಾರೆ, 40ರ ಮೇಲೆ ನೂರಕ್ಕೆ 18. ಕೆಳಗೆ 'ಟೋಟಲ್' 50.50. ರಾತ್ರಿ ಅಂಗಡಿ ಮುಚ್ಚುವಾಗ ಆ ಚೀಟಿ ನೋಡಿ ಪೂರ್ತಿ ಮೊತ್ತ ಏರಿಸ್ತಾರೆ. ಟಿಪ್ಸ್ ನಗದು ಕೊಟ್ಟರೆ ಆ ಗೆರೆ ಖಾಲಿ ಬಿಡದೆ ಗೀಟು ಎಳೆದು, ಟೋಟಲ್ ನೀವೇ ಬರೀರಿ.

ಇನ್ನೊಂದು. ಎರಡು ಚೀಟಿಯಲ್ಲಿ 'ಮರ್ಚೆಂಟ್ ಕಾಪಿ' ಅವರದು, 'ಕಸ್ಟಮರ್ ಕಾಪಿ' ನಮ್ಮದು. ಮೊದಲ ಸಲ ಹೋದಾಗ ನಾನು ನೀಟಾಗಿ ಲೆಕ್ಕ ಹಾಕಿ, ಸಹಿ ಮಾಡಿ, ಸಹಿ ಮಾಡಿದ್ದನ್ನೇ ಜೇಬಿಗೆ ಹಾಕ್ಕೊಂಡು ಬಂದೆ. ಖಾಲಿ ಚೀಟಿ ಟೇಬಲ್ ಮೇಲೆ. ನಗುನಗುತ್ತಾ ಮೂರು ಸಲ ನೀರು ತುಂಬಿದ ಹೆಂಗಸಿಗೆ ಒಂದು ಸೆಂಟೂ ಸಿಗಲಿಲ್ಲ. ಮಾಸಿದ ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಹೊರಡೋ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿಗೆ ವಿದೇಶಿ ಬಳಕೆ ಆನ್ ಮಾಡಿ. ಮೆಷಿನ್ 'ರೂಪಾಯಿಯಾ, ಡಾಲರಾ' ಅಂತ ಕೇಳಿದರೆ ಡಾಲರ್ ಅನ್ನಿ. ರೂಪಾಯಿ ಒತ್ತಿದರೆ ಮೆಷಿನ್‌ನವರು ಹಾಕಿದ್ದೇ ದರ, ಕೈ ಕಚ್ಚುತ್ತೆ.

ಪ್ರಶ್ನೆ: ಜಪಾನ್‌ಗೆ ಟೂರ್ ಹೋಗ್ತಿದ್ದೇವೆ, ವಾಪಸ್ ಬರುವಾಗ ಸಿಂಗಾಪುರ. ಅಲ್ಲೂ ಇದೇ ಕಥೆನಾ?
– ಅಕ್ಕಿ ವ್ಯಾಪಾರಿ, ದಾವಣಗೆರೆ

ಉತ್ತರ: ಜಪಾನಿನಲ್ಲಿ ಟಿಪ್ಸ್ ಪದ್ಧತಿನೇ ಇಲ್ಲ. ಮೇಜಿನ ಮೇಲೆ ದುಡ್ಡು ಬಿಟ್ಟರೆ ಮರೆತಿರಿ ಅಂದುಕೊಳ್ತಾರೆ. ಬಿಲ್ ತಗೊಂಡು ಗಲ್ಲಾಕ್ಕೆ ಹೋಗಿ, ಥೇಟ್ ನಮ್ಮೂರಿನ ಹಾಗೆ. ದುಡ್ಡನ್ನ ಕೈಗೆ ಕೊಡದೆ ಅಲ್ಲಿರೋ ಪುಟ್ಟ ಟ್ರೇನಲ್ಲಿಡಿ. ಸಿಂಗಾಪುರದಲ್ಲಿ ಬೆಲೆ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ನೂರಕ್ಕೆ 10 ಸರ್ವಿಸ್ ಚಾರ್ಜ್, ಅದರ ಮೇಲೆ 9 ಜಿಎಸ್‌ಟಿ ಬೇರೆ ಅಂತ ಅರ್ಥ. ಮತ್ತೆ ಟಿಪ್ಸ್ ಬೇಡ.

ಪ್ರಶ್ನೆ: ವಿದೇಶ ಬಿಡಿ, ಬೆಂಗಳೂರಿನ ಒಂದು ರೆಸ್ಟೋರೆಂಟ್‌ನಲ್ಲೇ ನೂರಕ್ಕೆ 10 ಸರ್ವಿಸ್ ಚಾರ್ಜ್ ಹಾಕಿದ್ದರು. ಕೊಡಲೇಬೇಕಾ?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ. ತಾವಾಗಿಯೇ ಬಿಲ್ಲಿಗೆ ಸೇರಿಸೋ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡಿದಿದೆ. ತೆಗೀರಿ ಅಂತ ಮ್ಯಾನೇಜರ್‌ಗೆ ಹೇಳಿ, ಕೇಳದಿದ್ದರೆ ಅಲ್ಲೇ ಕೂತು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಡಿಸಿದ ಹುಡುಗನಿಗೆ ಏನಾದ್ರೂ ಕೊಡಬೇಕು ಅನಿಸಿದರೆ ಅವನ ಕೈಗೇ ಕೊಡಿ.