ಗೆಳತಿಗೆ ಇಟ್ಟ ಆಣೆಯನ್ನು ಮುರಿಯಬಹುದೇ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರವಳು. ವಯಸ್ಸು 43. ಊರಿನ ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. ವಾರದ ಸಭೆ ಮುಗಿದ ಮೇಲೆ ಒಬ್ಬೊಬ್ಬರಾಗಿ ನನ್ನ ಬಳಿ ಕಷ್ಟ ಹೇಳಿಕೊಳ್ಳುವುದು ರೂಢಿಯಾಗಿದೆ. ಕಳೆದ ತಿಂಗಳು ಒಬ್ಬ ಸದಸ್ಯೆ, ಗಂಡ ತೀರಿಕೊಂಡು ಸಾಲದೊಂದಿಗೆ ಒಂಟಿಯಾಗಿರುವವಳು, "ಬದುಕೇ ಬೇಡ ಅನ್ನಿಸ್ತದೆ ಅಕ್ಕಾ, ಯಾರಿಗೂ ಹೇಳಬೇಡಿ" ಎಂದು ಕೈ ಹಿಡಿದು ಅತ್ತಳು. ಹೇಳುವುದಿಲ್ಲ ಎಂದು ಆಣೆ ಇಟ್ಟೆ. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಹೇಳಿದರೆ ದ್ರೋಹ, ಹೇಳದಿದ್ದರೆ ಏನಾದೀತೋ ಎಂಬ ಭಯ. ಏನು ಮಾಡಲಿ?

ಉತ್ತರ: ಆ ಆಣೆಯನ್ನು ನೀವು ಮುರಿಯಲೇಬೇಕು. ಆದರೆ ಅವರಿಗೆ ತಿಳಿಸಿ, ಅವರ ಎದುರಿನಲ್ಲೇ ಮುರಿಯಿರಿ. ಇದನ್ನು ಓದಿದ ದಿನವೇ ಅವರ ಮನೆಗೆ ಹೋಗಿ, "ನಿನ್ನ ಮಾತನ್ನು ನಾನೊಬ್ಬಳೇ ಇಟ್ಟುಕೊಂಡು ಕೂತರೆ ನಿನ್ನನ್ನು ಕಾಪಾಡಲಾರೆ, ಯಾರಿಗೆ ಹೇಳೋಣ ಎಂಬುದನ್ನು ನೀನೇ ಹೇಳು" ಎಂದು ಕೇಳಿ. ತವರಿನ ಅಣ್ಣನೋ, ತಂಗಿಯೋ, ಊರಿನ ಆಶಾ ಕಾರ್ಯಕರ್ತೆಯೋ, ಆಯ್ಕೆ ಅವರದಾಗಿರಲಿ. ಒಂದು ಕ್ಷಣ ಕೋಪಿಸಿಕೊಂಡರೂ ಸಹಿಸಿಕೊಳ್ಳಿ. ಆ ಕೋಪವನ್ನು ಮುಂದೆ ಸರಿಪಡಿಸಿಕೊಳ್ಳಲು ಕಾಲವಿರುತ್ತದೆ.

ಸಾಯುವ ಯೋಚನೆ ಈಗಲೂ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ಹೆದರುತ್ತಾರೆ, ಆದರೆ ಈ ಕುರಿತು ನಡೆದ ಅಧ್ಯಯನಗಳು ಆ ಭಯಕ್ಕೆ ಆಧಾರವಿಲ್ಲವೆಂದೇ ಹೇಳುತ್ತವೆ. ಕೇಳುವವರೊಬ್ಬರು ಸಿಕ್ಕಾಗ ಅನೇಕರಿಗೆ ಎದೆಯ ಭಾರ ಇಳಿಯುತ್ತದೆ. ಹೇಗೆ, ಯಾವಾಗ ಎಂದೆಲ್ಲ ಯೋಚಿಸಿಟ್ಟಿದ್ದಾರೆಂದು ತಿಳಿದರೆ ಅವರನ್ನು ಒಂಟಿಯಾಗಿ ಬಿಡದೆ, 108ಕ್ಕೆ ಕರೆ ಮಾಡಿ ಅಥವಾ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಷ್ಟರ ಮಟ್ಟಿಗೆ ಇಲ್ಲದಿದ್ದರೂ, ಟೊಮೆಟೊ ತೋಟಕ್ಕೆಂದು ತಂದ ಔಷಧಿಯ ಡಬ್ಬಿಗಳು ಮನೆಯ ಮೂಲೆಯಲ್ಲಿದ್ದರೆ ಅವನ್ನು ಅಂದೇ ಅಲ್ಲಿಂದ ಸಾಗಿಸಿ, ಬೇರೆಯವರ ಬಳಿ ಬೀಗದೊಳಗೆ ಇಡಿಸಿ. ಸಾಯಬೇಕೆನ್ನುವ ತೀವ್ರ ಒತ್ತಡ ಬಹಳಷ್ಟು ಸಲ ಅಲ್ಪಕಾಲ ಇದ್ದು ಇಳಿಯುವಂಥದ್ದು. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿರುವುದೇ ಎಷ್ಟೋ ಜೀವಗಳನ್ನು ಉಳಿಸಿದೆ.

ಪೊಲೀಸ್ ಕೇಸ್ ಆದೀತೆಂಬ ಹೆದರಿಕೆಯಿಂದ ಬಾಯಿ ಮುಚ್ಚಿಕೊಳ್ಳುವ ಕುಟುಂಬಗಳು ಇಂದಿಗೂ ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿರುವವರೆಂದು ಪರಿಗಣಿಸಿ, ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯಬೇಕೆಂಬುದು ಕೂಡ ಅದೇ ಕಾಯ್ದೆ ಕೊಟ್ಟ ಹಕ್ಕು. ಇದನ್ನು ಗೆಳತಿಗೆ ಬಿಡಿಸಿ ಹೇಳಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಸರದಿಯಲ್ಲಿ ಮನೋವೈದ್ಯರು ಬರುತ್ತಾರೆ. ನಿಮ್ಮ ಆಸ್ಪತ್ರೆಯ ಸರದಿ ಯಾವಾಗ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ವಿಚಾರಿಸಿಕೊಂಡು, ಮೊದಲ ಸಲ ನೀವೇ ಜೊತೆಗೆ ಹೋಗಿ. ಅಲ್ಲಿಯವರೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಉಚಿತ, ಹಗಲು ರಾತ್ರಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಸಂಘ. ಗೆಳತಿಯ ಗುಟ್ಟನ್ನು ಅಲ್ಲಿ ಹೇಳುವ ಅಗತ್ಯವಿಲ್ಲ, ಆದರೆ ಅವರ ಕಷ್ಟದಲ್ಲಿ ಸಂಘ ಕೈಜೋಡಿಸಬಹುದಾದದ್ದು ಬಹಳಷ್ಟಿದೆ. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ಮೇಲೆ ಹಿಪ್ಪುನೇರಳೆ ಸೊಪ್ಪು ಎಷ್ಟು ಕೊಯ್ದು ತಂದರೂ ಸಾಲದೆಂಬುದು ನಿಮಗೆ ಗೊತ್ತಿರುವ ಸಂಗತಿ. ಖಿನ್ನತೆಯಲ್ಲಿರುವ ಒಂಟಿ ಹೆಣ್ಣುಮಗಳು ಆ ದಿನಗಳಲ್ಲಿ ಹಾಸಿಗೆಯಿಂದ ಏಳಲಾರದೆ ಹೋದರೆ ಊರು ಅವಳನ್ನು ಸೋಮಾರಿ ಎನ್ನುತ್ತದೆ, ಬೆಳೆ ಕೈಬಿಟ್ಟು ಸಾಲ ಇನ್ನಷ್ಟು ಬೆಳೆಯುತ್ತದೆ. ಇಬ್ಬರು ಸದಸ್ಯೆಯರು ಸರದಿಯಂತೆ ಸೊಪ್ಪು ಕೊಯ್ದುಕೊಟ್ಟರೆ, ವಿಧವಾ ವೇತನದ ಅರ್ಜಿ ಹಾಕಿಸಿದರೆ, ಸಂಘದ ಸಾಲದ ಕಂತಿಗೆ ಕೆಲವು ತಿಂಗಳ ಬಿಡುವು ಕೊಟ್ಟರೆ, ಅದು ಯಾವ ಸಾಂತ್ವನದ ಮಾತಿಗೂ ಕಡಿಮೆಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಮಾತ್ರೆಯ ಕೆಲಸ ಬೇರೆ, ಇದರ ಕೆಲಸ ಬೇರೆ. ಅವರಿಗೆ ಎರಡೂ ಬೇಕಾಗಬಹುದು.

ಓದು ಬರಹ ಹೆಚ್ಚಿಲ್ಲದ ನಮ್ಮಿಂದ ಇದೆಲ್ಲ ಆಗುತ್ತದೆಯೇ ಎಂದು ಸಂಘದಲ್ಲಿ ಯಾರಾದರೂ ಕೇಳಿದರೆ ಜಿಂಬಾಬ್ವೆಯ ಅಜ್ಜಿಯರ ಬಗ್ಗೆ ಹೇಳಿ. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರಗಳ ಹೊರಗಿನ ಬೆಂಚುಗಳ ಮೇಲೆ ಕೂರಿಸಿ, ನೊಂದವರ ಮಾತು ಕೇಳುವ ಕೆಲಸಕ್ಕೆ ಹಚ್ಚಿದರು. ಅದರಿಂದ ಖಿನ್ನತೆಯ ಲಕ್ಷಣಗಳು ಗಣನೀಯವಾಗಿ ತಗ್ಗುತ್ತವೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಆ ಅಜ್ಜಿಯರು ಕೇಳಿದ್ದನ್ನೆಲ್ಲ ಒಬ್ಬರೇ ಹೊತ್ತುಕೊಂಡು ಮನೆಗೆ ಹೋಗುತ್ತಿರಲಿಲ್ಲ. ಅವರಿಗೆ ಮೇಲ್ವಿಚಾರಕರಿದ್ದರು, ಕಠಿಣ ಪ್ರಕರಣಗಳನ್ನು ವೈದ್ಯರಿಗೆ ಒಪ್ಪಿಸುವ ದಾರಿಯಿತ್ತು.

ನಿಮಗೆ ಇಲ್ಲದಿರುವುದು ಅದೇ. ಸಂಘದಲ್ಲಿ ಗುಟ್ಟು ಕಾಯಬಲ್ಲ ಇನ್ನಿಬ್ಬರನ್ನು ಆರಿಸಿ, ಕಷ್ಟ ಕೇಳುವ ಕೆಲಸವನ್ನು ಮೂವರೂ ಹಂಚಿಕೊಳ್ಳಿ. ಜೀವದ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಗುಟ್ಟಾಗಿಡುತ್ತೇವೆಂದು ಸದಸ್ಯೆಯರಿಗೆ ಮೊದಲೇ ತಿಳಿಸಿಬಿಡಿ. ಆಗ ಇಂಥ ಆಣೆಯ ಇಕ್ಕಟ್ಟು ಮತ್ತೆ ಬರುವುದಿಲ್ಲ. ತಿಂಗಳಿನಿಂದ ನಿದ್ದೆಗೆಟ್ಟಿರುವ ನೀವು ಗೆಳತಿಯೊಂದಿಗೆ ಆಸ್ಪತ್ರೆಗೆ ಹೋದ ದಿನ, ಅವರ ಚೀಟಿಯ ಜೊತೆಗೆ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ.