ಫ್ರೀ ಪವರ್ ಬಿಐದಿಂದ ಡ್ಯಾಶ್‌ಬೋರ್ಡ್ ಶೇರ್ ಆಗ್ತಿಲ್ಲ ಅಂದವರಿಗೆ

ಸರ್, ಚಾಕಣದ ನಿಮ್ಮ ವರ್ಕ್‌ಶಾಪಿನ ಡ್ಯಾಶ್‌ಬೋರ್ಡ್ ಪವರ್ ಬಿಐ (ಡೇಟಾದಿಂದ ಚಾರ್ಟು, ರಿಪೋರ್ಟ್ ಮಾಡೂ ಮೈಕ್ರೋಸಾಫ್ಟ್‌ನ ಸಾಫ್ಟ್‌ವೇರ್) ಫ್ರೀ ಅಕೌಂಟಿಂದ ಮಾಲಕರಿಗೆ ಶೇರ್ ಆಗವಲ್ದು, ಹಳೇ ವಿಡಿಯೋದಾಗ ಮಾತ್ರ ಆಗ್ತದ ಅಂತ ಕೇಳೀರಲ್ಲ, ವಿಡಿಯೋ ಸುಳ್ಳಲ್ರಿ. ಮೊದಲ ಫ್ರೀದಾಗೂ ಶೇರ್ ಆಗ್ತಿತ್ತು, 2017ರ ಜೂನ್ 1ರಿಂದ ಮೈಕ್ರೋಸಾಫ್ಟ್‌ನವರು ಅದನ್ನ ಪ್ರೋ ಅನ್ನೂ ರೊಕ್ಕದ ಲೈಸೆನ್ಸಿಗೆ ಹಾಕಿದ್ರು. ಈಗ ಫ್ರೀದಾಗ ರಿಪೋರ್ಟ್ ಮಾಡ್ರಿ, ಮೈ ವರ್ಕ್‌ಸ್ಪೇಸಿಗೆ (ಆನ್‌ಲೈನಿನ್ಯಾಗ ನಿಮ್ಮ ಸ್ವಂತ ಜಾಗಕ್ಕ) ಪಬ್ಲಿಶ್ ಮಾಡ್ರಿ, ನೀವೊಬ್ರ ನೋಡ್ಕೋರಿ, ಅಷ್ಟ.

ಭಾಳ ಮಂದಿಗೆ ತಿಳಿಯೂದಿಲ್ಲ, ನೋಡವ್ರಿಗೂ ಪ್ರೋ ಬೇಕು. ನೀವು, ಮಾಲಕರು, ಅಕೌಂಟ್ಸಿನವರು ಅಂದ್ರ ಮೂರು ಲೈಸೆನ್ಸ್ ಆತು, ಅದೂ 2025ರ ಏಪ್ರಿಲಿಂದ ಒಬ್ಬರಿಗೆ ತಿಂಗಳಿಗೆ 10 ಡಾಲರ್ ಇದ್ದದ್ದು 14 ಆಗೇದ. ಫ್ರೀದವರು ಬರೇ ನೋಡಬೇಕಂದ್ರೂ ರಿಪೋರ್ಟ್ ಇರೂ ವರ್ಕ್‌ಸ್ಪೇಸ್ ಫ್ಯಾಬ್ರಿಕ್ ಎಫ್64 ಇಲ್ಲಾ ಅದಕ್ಕಿಂತ ದೊಡ್ಡ ಕೆಪ್ಯಾಸಿಟಿದಾಗ (ಮೈಕ್ರೋಸಾಫ್ಟ್‌ನಿಂದ ಕಂಪನಿಗೆ ಬಾಡಿಗಿಗೆ ತಗೊಳ್ಳೂ ಕ್ಲೌಡ್ ಸಾಮರ್ಥ್ಯ) ಇರಬೇಕು, ಅದು ತಿಂಗಳಿಗೆ ಸಾವಿರಾರು ಡಾಲರಿನ ಮಾತು, ಸಣ್ಣ ಯುನಿಟ್ಟಿಗೆ ಬ್ಯಾಡೇ ಬ್ಯಾಡ.

ಯಾರೋ ಪಬ್ಲಿಶ್ ಟು ವೆಬ್ (ರಿಪೋರ್ಟಿಗೆ ಎಲ್ಲಾರಿಗೂ ತೆರೆಯೂ ಲಿಂಕ್ ಮಾಡೂ ಬಟನ್) ಒತ್ತು ಅಂದಾರ ಅಂತ ಬರದೀರಿ, ಕೈ ಮುಗೀತೀನಿ ಅದನ್ನ ಒತ್ತಬ್ಯಾಡ್ರಿ. ಆ ಲಿಂಕಿಗೆ ಲಾಗಿನ್ ಕೇಳೂದಿಲ್ಲ, ಸಿಕ್ಕವರೆಲ್ಲಾ ನಿಮ್ಮ ಪಾರ್ಟಿ ಹೆಸರು, ರೇಟು, ಯಾರ ಕಡೆ ಎಷ್ಟು ಬಾಕಿ ಅನ್ನೂದು ಆರಾಮ ನೋಡಬಹುದು. ವ್ಯವಹಾರದ ಡೇಟಾ ಹಂಗ ಬೀದಿಗೆ ಬಿಡೂದಲ್ಲ.

ಮಾಲಕರಿಗೆ ತಿಂಗಳಿಗೊಮ್ಮೆ ತೋರ್ಸಿದ್ರ ಸಾಕಂದ್ರ ಪವರ್ ಬಿಐ ಡೆಸ್ಕ್‌ಟಾಪ್ ಅನ್ನೂ ಕಂಪ್ಯೂಟರ್ ಪ್ರೋಗ್ರಾಮಿಂದ ಪಿಡಿಎಫ್ ತೆಗೆದು ಕಳಸ್ರಿ, ಇಲ್ಲಾ ಪಿಬಿಐಎಕ್ಸ್ (ಪವರ್ ಬಿಐ ರಿಪೋರ್ಟಿನ) ಫೈಲೇ ಕೊಡ್ರಿ, ಅವರ ಕಂಪ್ಯೂಟರಿನ್ಯಾಗ ಪವರ್ ಬಿಐ ಡೆಸ್ಕ್‌ಟಾಪ್ ಇದ್ರ ಪುಕ್ಕಟೆ ತೆರೀತದ. ದಿನಾ ಮೊಬೈಲಿನ್ಯಾಗ ನೋಡ್ತೀನಿ ಅಂದ್ರ ಮಾತ್ರ ನಿಮಗೂ ಮಾಲಕರಿಗೂ ಪ್ರೋ ತಗೋರಿ, ಅಕೌಂಟ್ಸಿನವರಿಗೆ ಪಿಡಿಎಫ್ ನಡೀತದ.