ಎಸ್.ಎಂ. ಕೃಷ್ಣ ಅಂದ್ರೆ ಪೋರ್ಚುಗಲ್ ಭಾಷಣ ಅಷ್ಟೇನಾ?

ಪ್ರಶ್ನೆ: ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿದ್ದರು ಅಂದ ಕೂಡಲೇ ನನ್ನ ಮಗ ವಿಶ್ವಸಂಸ್ಥೆಯಲ್ಲಿ ಪೋರ್ಚುಗಲ್‌ನವರ ಭಾಷಣ ಓದಿದ ಕಥೆ ತೆಗೆಯುತ್ತಾನೆ. ಅವರಿಂದ ಉಳಿದದ್ದು ಅಷ್ಟೇನಾ?
— ಓದುಗರು, ಡೊಂಬಿವಲಿ

ಉತ್ತರ: 2011ರ ಫೆಬ್ರವರಿಯಲ್ಲಿ ಅದು ನಡೆದದ್ದು ನಿಜ. ಕೆಲವು ನಿಮಿಷ ಬೇರೆಯವರ ಹಾಳೆ ಓದಿದರು. ಅದಕ್ಕಿಂತ ನನಗೆ ಬೇಜಾರಾದದ್ದು 2010ರ ಇಸ್ಲಾಮಾಬಾದ್ ಪತ್ರಿಕಾಗೋಷ್ಠಿ. ಪಾಕಿಸ್ತಾನದ ಸಚಿವರು ನಮ್ಮ ಗೃಹ ಕಾರ್ಯದರ್ಶಿಯನ್ನು 26/11 ದಾಳಿಯ ಸಂಚುಕೋರ ಅಂತ ಭಾರತ ಹೇಳುವ ಹಫೀಜ್ ಸಯೀದ್ ಜೊತೆ ಹೋಲಿಸಿದಾಗ ಪಕ್ಕದಲ್ಲೇ ಕೂತಿದ್ದ ಕೃಷ್ಣ ಅಲ್ಲೇ ತಿರುಗಿ ಹೇಳಬೇಕಿತ್ತು. 26/11 ಕಂಡ ಮುಂಬೈಯವರಿಗೆ ಆ ಮೌನ ಸಹಿಸುವುದು ಕಷ್ಟ.

ಆದರೆ ನಿಮ್ಮ ಮಗ ಪಾಸ್‌ಪೋರ್ಟ್ ಮಾಡಿಸಿದ್ದಾನಾ? ಆನ್‌ಲೈನಲ್ಲಿ ಸಮಯ ಗೊತ್ತು ಮಾಡಿಕೊಂಡು, ಟೋಕನ್ ಹಿಡಿದು, ಕೌಂಟರಿನಿಂದ ಕೌಂಟರಿಗೆ ಹೋಗುವ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಶುರುವಾದದ್ದು ಕೃಷ್ಣ ಸಚಿವರಾಗಿದ್ದಾಗ. ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ, ಅವರಿಗಿಂತ ಮೊದಲು. 2010ರಲ್ಲಿ ಬೆಂಗಳೂರಿನ ಕಡೆಯಿಂದ ಪ್ರಯೋಗ ಆರಂಭವಾಗಿ, 2012ರ ಹೊತ್ತಿಗೆ ದೇಶದಲ್ಲಿ 77 ಕೇಂದ್ರಗಳಾದವು. ಕೊಲ್ಲಿಗೆ ಕೆಲಸಕ್ಕೆ ಹೋಗುವ ನಮ್ಮ ಕರಾವಳಿ ಹುಡುಗರಿಗೆ ಇದಕ್ಕಿಂತ ದೊಡ್ಡ ವಿದೇಶಾಂಗ ನೀತಿ ಯಾವುದಿದೆ ಹೇಳಿ.

ಅವರ ದೊಡ್ಡ ಕೆಲಸ ಮಾತ್ರ ದಿಲ್ಲಿಯದಲ್ಲ, 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದಾಗಿನದು ಅಂತಲೇ ನಾನು ನಂಬಿದ್ದೇನೆ. ಪಹಣಿ ವಿಷಯವನ್ನೇ ತಗೊಳ್ಳಿ. ನಮ್ಮಪ್ಪ ಮಾಟುಂಗಾದ ಹೋಟೆಲಿನಲ್ಲಿ ದುಡಿಯುತ್ತಿದ್ದವರು. ಮೇ ರಜೆಗೆ ಕುಂದಾಪುರದ ಕಡೆ ಹೋದರೆ ಅರ್ಧ ರಜೆ ಒಂದು ಪಹಣಿಗಾಗಿ ಅಲೆಯುವುದರಲ್ಲೇ ಮುಗಿಯುತ್ತಿತ್ತು. ಇವತ್ತು ಲೆಕ್ಕಿಗರು ಊರಲ್ಲಿಲ್ಲ, ನಾಳೆ ಪುಸ್ತಕ ಸಿಗಲಿಲ್ಲ. ಆಮೇಲೆ 'ಭೂಮಿ' ಬಂತು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲೂಕು ಕಚೇರಿಯ ಕಿಟಕಿಯಲ್ಲಿ ಸರ್ವೆ ನಂಬರ್ ಹೇಳಿ 15 ರೂಪಾಯಿ ಕೊಟ್ಟರೆ ಆಯ್ತು, ಪ್ರಿಂಟರ್ ಕರಕರ ಅಂತ ಹಾಳೆ ಹೊರಗೆ ತಳ್ಳುತ್ತಿತ್ತು. ಅಪ್ಪ ಆ ಹಾಳೆಯಲ್ಲಿ ಮೊದಲು ತಮ್ಮ ಹೆಸರು ನೋಡುತ್ತಿದ್ದರು, ಆಮೇಲೆ ಗುಂಟೆ ಲೆಕ್ಕ. ಈ ಕೆಲಸದಲ್ಲಿ ಅಧಿಕಾರಿಗಳ ಶ್ರಮ ಜಾಸ್ತಿ, ಒಪ್ಪುತ್ತೇನೆ. ಆದರೆ ಬೆನ್ನಿಗೆ ನಿಲ್ಲುವ ಮುಖ್ಯಮಂತ್ರಿ ಬೇಕಲ್ವಾ?

ಇನ್ನೊಂದು ಶಾಲೆಯ ಬಿಸಿಯೂಟ. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ಉತ್ತರದ 7 ಜಿಲ್ಲೆಗಳಲ್ಲಿ. ಕಲಬುರಗಿ, ವಿಜಯಪುರ, ರಾಯಚೂರು ಅದರಲ್ಲಿದ್ದವು. ಮುಂಬೈ, ಪುಣೆಗೆ ಕಟ್ಟಡ ಕೆಲಸಕ್ಕೆ ಬರುವವರ ಊರುಗಳೇ ಅವು. ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಬಂದ ತಾಯಂದಿರಿಗೆ ಮಧ್ಯಾಹ್ನದ ಒಂದು ಊಟದ ಚಿಂತೆ ಕಳೆಯಿತು.

ಪ್ರಶ್ನೆ: ನಮ್ಮ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದ ಕೃಷ್ಣ ಮತ್ತೆ ರಾಜಕೀಯಕ್ಕೆ ಹೋದದ್ದು ಸರಿಯಾ?
— ಓದುಗರು, ಪುಣೆ

ಉತ್ತರ: ನನಗೆ ಸರಿ ಅನಿಸಲಿಲ್ಲ. 2004ರ ಡಿಸೆಂಬರಿನಿಂದ ಮಲಬಾರ್ ಹಿಲ್ ರಾಜಭವನದಲ್ಲಿದ್ದರು. 2008ರ ಮಾರ್ಚಿನಲ್ಲಿ, ಕರ್ನಾಟಕದ ಚುನಾವಣೆ ಎದುರಿಗಿರುವಾಗ, ಬಿಟ್ಟು ಹೋದರು. ಒಮ್ಮೆ ಆ ಕುರ್ಚಿಯಲ್ಲಿ ಕೂತವರು ಪಕ್ಷದ ಕೆಲಸಕ್ಕೆ ಮರಳಬಾರದು. ಹಾಗೆ ಹೋಗಿದ್ದರಿಂದಲೇ 2009ರಲ್ಲಿ ವಿದೇಶಾಂಗ ಖಾತೆ ಸಿಕ್ಕಿತು ಅನ್ನುವುದೂ ಗೊತ್ತು. ಆದರೂ ನನ್ನ ಅಭಿಪ್ರಾಯ ಅದೇ. 2017ರಲ್ಲಿ ಬಿಜೆಪಿ ಸೇರಿ, ಕೊನೆಗೆ 2023ರ ಜನವರಿಯಲ್ಲಿ, 90ರ ವಯಸ್ಸಿನಲ್ಲಿ, ರಾಜಕೀಯ ಸಾಕು ಅಂದರು.